ತಲೆಯ ಮೇಲೊಂದು ತಲೆಗಂದಾಯ

1760ರ ದಶಕದಲ್ಲಿ ಲಂಡನ್ನಿನ ಗಂಡಸರಿಗೆ ಒಂದು ದುರ್ಬುದ್ಧಿ ಹುಟ್ಟಿತು. ಅವರು ಸ್ವಂತ ಕೂದಲನ್ನೇ ಬಿಟ್ಟುಕೊಂಡು ತಿರುಗಾಡತೊಡಗಿದರು. ವಿಗ್ ಮಾಡುವವರ ಹೊಟ್ಟೆಗೆ ಬೆಂಕಿ ಬಿತ್ತು. ದೇವರು ಪುಕ್ಕಟೆ ಕೊಟ್ಟದ್ದನ್ನೇ ಜನ ಬಳಸಲು ಶುರುಮಾಡಿದರೆ ವ್ಯಾಪಾರ ನಡೆಯುವುದುಂಟೇ? 1765ರ ಫೆಬ್ರವರಿಯಲ್ಲಿ ಅವರು ಮೆರವಣಿಗೆ ಹೊರಟು, ತಮ್ಮ ಕಷ್ಟ ಪರಿಹರಿಸಬೇಕೆಂದು ಮೂರನೇ ಜಾರ್ಜ್ ದೊರೆಗೆ ಮನವಿ ಒಪ್ಪಿಸಿದರು.

ಎಲ್ಲವೂ ಸಾಂಗವಾಗಿಯೇ ನಡೆಯುತ್ತಿತ್ತು. ಬೀದಿಯಲ್ಲಿ ನಿಂತು ನೋಡುತ್ತಿದ್ದ ಪೋಲಿ ಜನರ ಕಣ್ಣು ಮಾತ್ರ ಬಲು ಚುರುಕು. ವಿಗ್ಗಿನ ಉದ್ಧಾರಕ್ಕೆ ಹೊರಟ ಈ ಮಹನೀಯರಲ್ಲಿ ಎಷ್ಟೋ ಮಂದಿಯ ತಲೆಯ ಮೇಲೆ ವಿಗ್ಗೇ ಇರಲಿಲ್ಲ! ಊರಿಗೆಲ್ಲ ಉಪದೇಶ, ತಮಗೆ ಮಾತ್ರ ಸ್ವಂತ ಜುಟ್ಟು. ಜನ ಅವರನ್ನು ಹಿಡಿದು, ಅಲ್ಲೇ ಕೂದಲು ಕತ್ತರಿಸಿ ಕಳುಹಿಸಿದರು. ಹೋರೇಸ್ ವಾಲ್ಪೋಲ್ ಎಂಬ ಕುಚೇಷ್ಟೆಯ ಮನುಷ್ಯ ಆ ವಾರವೇ ಒಂದು ಪತ್ರದಲ್ಲಿ ಕೇಳಿದ: ಯುದ್ಧ ನಿಂತು ಮರದ ಕಾಲುಗಳಿಗೆ ಗಿರಾಕಿಯಿಲ್ಲವೆಂದು ನಾಳೆ ಬಡಗಿಗಳೂ ದೂರು ಕೊಟ್ಟರೆ ಆಶ್ಚರ್ಯಪಡಬೇಕೇ?

ಸರ್ಕಾರಕ್ಕೆ ತಲೆಯ ನಿಜವಾದ ಬೆಲೆ ತಿಳಿಯಲು ಇನ್ನೂ ಮೂವತ್ತು ವರ್ಷ ಬೇಕಾಯಿತು. ಆಗ ಸಭ್ಯನೆನಿಸಿಕೊಳ್ಳಬೇಕಾದವನು ಕೂದಲಿಗೆ ಪ್ರಾಣಿಕೊಬ್ಬಿನ ಲೇಪ ಬಳಿದು, ಮೈಗೆ ಬಟ್ಟೆ ಹೊದ್ದು, ಉಸಿರು ಕಟ್ಟದಂತೆ ಮುಖಕ್ಕೆ ಕಾಗದದ ಶಂಕು ಹಿಡಿದು ಕೂರಬೇಕಿತ್ತು. ಕ್ಷೌರಿಕ ತಿದಿಯಿಂದ ಪಿಷ್ಟದ ಪುಡಿಯನ್ನು ಊದುತ್ತಿದ್ದ. 1795ರಲ್ಲಿ ಗೋಧಿಯ ಅಭಾವದಿಂದ ಬ್ರೆಡ್ಡಿಗಾಗಿ ಜನ ದಂಗೆಯೆದ್ದಿದ್ದಾಗಲೂ ದೊಡ್ಡವರ ತಲೆಗೆ ಹಿಟ್ಟಿನ ಕೊರತೆಯಾಗಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ನಮ್ಮ ಗಾದೆ ಅಲ್ಲಿಗೆ ಸಲ್ಲದು. ಅಲ್ಲಿ ಜುಟ್ಟಿಗೇ ಹಿಟ್ಟು.

ಅದೇ ವರ್ಷ ಪ್ರಧಾನಿ ವಿಲಿಯಂ ಪಿಟ್, ಫ್ರಾನ್ಸಿನ ಮೇಲಿನ ಯುದ್ಧದ ಖರ್ಚಿಗೆಂದು ಕೂದಲ ಪೌಡರಿಗೆ ತೆರಿಗೆ ಹಾಕಿದ. ವರ್ಷಕ್ಕೆ ಒಂದು ಗಿನಿ, ಅಂದರೆ 21 ಷಿಲಿಂಗ್ ಕೊಟ್ಟು ಪ್ರಮಾಣಪತ್ರ ಪಡೆದರೆ ತಲೆ ಬೆಳ್ಳಗಾಗಬಹುದು. ಕಾನೂನು ಬರೆದವರ ಕರುಣೆಯೂ ದೊಡ್ಡದು. ಬಡ ಪಾದ್ರಿಗೆ ವಿನಾಯಿತಿ, ಸಿಪಾಯಿಗೆ ವಿನಾಯಿತಿ. ಬಡತನವನ್ನೇ ಕಾಣದ ರಾಜಮನೆತನಕ್ಕೂ ವಿನಾಯಿತಿ! ಮದುವೆಯಾಗದ ಹೆಣ್ಣುಮಕ್ಕಳು ಎಷ್ಟೇ ಇರಲಿ, ತಂದೆ ಇಬ್ಬರ ಲೆಕ್ಕದಲ್ಲಿ ತೆತ್ತರೆ ಸಾಕು. ಸಗಟು ವ್ಯಾಪಾರದ ರಿಯಾಯಿತಿ ಎಂದರೆ ಇದೇ.

ಗಿನಿ ತೆತ್ತವರನ್ನು ಊರವರು ಗಿನಿಪಿಗ್ ಎಂದು ಕರೆದು ನಕ್ಕರು. ಪಿಟ್‌ನ ವಿರೋಧಿಯಾದ ಬೆಡ್‌ಫರ್ಡ್ ಡ್ಯೂಕ್ ಮತ್ತು ಅವನ ಗೆಳೆಯರು ಪೌಡರ್ ಕೈಬಿಟ್ಟು ಕೂದಲನ್ನೇ ಮೋಟಾಗಿ ಕತ್ತರಿಸಿಕೊಂಡರು. ತಲೆಯಿಂದಲೇ ನಡೆಸಿದ ಚಳವಳಿ! ಅದೇ ಹೊಸ ಫ್ಯಾಷನ್ನೂ ಆಯಿತು. ತೆರಿಗೆ ಕಟ್ಟಲು ತಲೆಗಳೇ ಸಿಗದಂತಾದರೂ ಕಾಯ್ದೆ ಕದಲಲಿಲ್ಲ. ಫ್ರಾನ್ಸಿನೊಡನೆ ಯುದ್ಧ 1815ರಲ್ಲೇ ಮುಗಿದಿತ್ತು. ತೆರಿಗೆ ರದ್ದಾದದ್ದು 1869ರಲ್ಲಿ. ನಡುವೆ, 1855ರಲ್ಲಿ ಅದನ್ನು ತೆರುತ್ತಿದ್ದವರು ಕೇವಲ 997 ಮಂದಿ. ಅವರಲ್ಲಿ ಬಹುಪಾಲು ಶ್ರೀಮಂತರ ಮನೆಯ ಸಮವಸ್ತ್ರದ ಆಳುಗಳು. ಫ್ರಾನ್ಸನ್ನು ಸದೆಬಡಿಯಲೆಂದು ಹೇರಿದ ತೆರಿಗೆಯನ್ನು ಈ ಆಳುಗಳ ಲೆಕ್ಕದಲ್ಲಿ ಚಾಚೂ ತಪ್ಪದೆ ವಸೂಲಿ ಮಾಡುತ್ತಿದ್ದ ಆ ವರ್ಷ ಬ್ರಿಟನ್, ಕ್ರಿಮಿಯಾದಲ್ಲಿ ಫ್ರಾನ್ಸಿನ ಹೆಗಲಿಗೆ ಹೆಗಲು ಕೊಟ್ಟು ರಷ್ಯಾದ ವಿರುದ್ಧ ಕಾದಾಡುತ್ತಿತ್ತು.