ಲೋದಿ ತೋಟದ ಬಿಸಿಲಲ್ಲಿ ಕೂತು ನೆನೆದ ಬಿಜಾಪುರ

ಕಳೆದ ವಾರಾಂತ್ಯ ನಾನೂ ನನ್ನ ಗೆಳತಿಯೂ ದೆಹಲಿ ನೋಡಿಕೊಂಡು ಬಂದೆವು. ಶುಕ್ರವಾರ ಆಫೀಸು ಮುಗಿಸಿ ಬೆಂಗಳೂರಿನಿಂದ ರಾತ್ರಿ ವಿಮಾನ, ಭಾನುವಾರ ರಾತ್ರಿ ವಾಪಸು. ಇಬ್ಬರೂ ಬಿಜಾಪುರದವರು. ಒಂದೇ ಓಣಿ, ಒಂದನೇ ಇಯತ್ತೆಯಿಂದ ಒಂದೇ ಸಾಲಿ. ಊರಿನ ಹೆಸರು 2014ರಲ್ಲೇ ವಿಜಯಪುರ ಆಯಿತು, ಆದರೆ ನಮ್ಮ ಬಾಯಿಗೆ ಬರುವುದು ಇನ್ನೂ ಬಿಜಾಪುರವೇ.

ಗೆಳತಿಯ ಫೋನಿನಲ್ಲಿ ಹದಿನಾಲ್ಕು ಜಾಗಗಳ ಪಟ್ಟಿ ಇತ್ತು. ಕೆಂಪುಕೋಟೆ, ಜಾಮಾ ಮಸೀದಿ, ರಾಜಘಾಟ್, ಇಂಡಿಯಾ ಗೇಟ್, ಕುತುಬ್ ಮಿನಾರ್, ಕಮಲ ಮಂದಿರ, ಹೀಗೆ. ಒಂದೊಂದಕ್ಕೂ ಮುಕ್ಕಾಲು ಗಂಟೆ ಎಂದು ಲೆಕ್ಕ ಹಾಕಿಟ್ಟಿದ್ದಳು. ಕೊನೆಗೆ ನಾವು ನೋಡಿದ್ದು ನಾಲ್ಕು. ಕೆಂಪುಕೋಟೆಯ ಕಡೆ ಮುಖ ಕೂಡ ಹಾಕಲಿಲ್ಲ. ಕೇಳಿದವರೆಲ್ಲ 'ಅಷ್ಟು ದೂರ ಹೋಗಿ ಅದನ್ನೇ ಬಿಟ್ಟು ಬಂದಿರಾ' ಎನ್ನುತ್ತಿದ್ದಾರೆ. ಅವರಿಗೆಲ್ಲ ಒಟ್ಟಿಗೇ ಹೇಳಿಬಿಡೋಣ ಎಂದು ಕೂತಿದ್ದೇನೆ.

ಶನಿವಾರ ಬೆಳಗ್ಗೆ ಮೆಟ್ರೋದ ಹೆಂಗಸರ ಡಬ್ಬಿ ಹತ್ತಿ ಜೋರ್‌ಬಾಗ್‌ನಲ್ಲಿ ಇಳಿದು ಲೋದಿ ಗಾರ್ಡನ್ನಿಗೆ ನಡೆದೆವು. ದಾರಿಯಲ್ಲೇ ಗೆಳತಿಯ ತಕರಾರು ಶುರುವಾಯಿತು: "ಇಷ್ಟ್ ದೂರ ಬಂದು ಮತ್ತ ಗುಮ್ಮಟಾನ ನೋಡೂದೇನ? ನಮ್ಮೂರಾಗ ಗುಮ್ಮಟಕ್ಕೇನ ಕಡಿಮಿ ಐತೇನವಾ?" ಅವಳ ಮಾತು ಖರೆ. ಬಿಜಾಪುರದಲ್ಲಿ ಹುಟ್ಟಿದವರಿಗೆ ಗುಮ್ಮಟ ಎಂದರೆ ಹಿತ್ತಲ ಬೇವಿನ ಮರ ಇದ್ದ ಹಾಗೆ, ಕಣ್ಣಿಗೆ ಬಿದ್ದರೂ ನೋಡುವುದಿಲ್ಲ.

ತೋಟಕ್ಕೆ ಟಿಕೆಟ್ಟಿಲ್ಲ. ಒಳಗೆ ಕಾಲಿಟ್ಟರೆ ಎಲ್ಲಿ ನೋಡಿದರೂ ಜನ. ಮಫ್ಲರು ಸುತ್ತಿಕೊಂಡು ಬಿರಬಿರನೆ ನಡೆಯುವ ಅಜ್ಜಂದಿರು, ಹುಲ್ಲಿನ ಮೇಲೆ ಚಾಪೆ ಹಾಸಿ ಯೋಗ ಮಾಡುವವರು, ನಾಯಿ ಹಿಡಿದುಕೊಂಡವರು, ಬಿಸಿಲಿಗೆ ಬೆನ್ನು ಕೊಟ್ಟು ಕೂತ ಹೆಂಗಸರು. ಈ ಎಲ್ಲರ ನಡುವೆ ಐನೂರು ವರ್ಷದ ಗೋರಿಗಳು, ಮನೆಯ ಹಿರಿಯರು ಪಡಸಾಲೆಯಲ್ಲಿ ಕೂತ ಹಾಗೆ. 1517ರಲ್ಲಿ ತೀರಿಕೊಂಡ ಸಿಕಂದರ್ ಲೋದಿ ಇಲ್ಲೇ ಮಲಗಿದ್ದಾನೆ. ಅವನು ದೆಹಲಿ ಆಳುತ್ತಿದ್ದ ಕಾಲಕ್ಕೆ ನಮ್ಮೂರಲ್ಲಿ ಯೂಸುಫ್ ಆದಿಲ್ ಶಾಹ ಹೊಸದಾಗಿ ರಾಜ್ಯ ಕಟ್ಟಿದ್ದ. ಇದನ್ನು ಹೇಳಿದ ಮೇಲೆ ಗೆಳತಿ ಫೋನನ್ನು ಚೀಲದೊಳಗೆ ಇಟ್ಟಳು.

ನನ್ನನ್ನು ತಡೆದು ನಿಲ್ಲಿಸಿದ್ದು ಶೀಶ್ ಗುಂಬದ್. ನೆತ್ತಿಯ ಕೆಳಗೆ ನೀಲಿ ಹೆಂಚಿನ ಸಾಲು ಇನ್ನೂ ಅಲ್ಲಲ್ಲಿ ಉಳಿದುಕೊಂಡಿದೆ, ಬಿಸಿಲು ಬಿದ್ದರೆ ಹೊಳೆಯುತ್ತದೆ. ಒಳಗೆ ಹಲವು ಗೋರಿಗಳಿವೆ. ಯಾರವು ಎಂದು ಖಚಿತವಾಗಿ ಯಾರಿಗೂ ಗೊತ್ತಿಲ್ಲ. ಆದರೂ ಸುತ್ತ ಹುಲ್ಲು ಕತ್ತರಿಸಿದ್ದಾರೆ, ಮೆಟ್ಟಿಲು ಗುಡಿಸಿದ್ದಾರೆ, ಕಟ್ಟೆಯ ಮೇಲೆ ಒಬ್ಬ ಹುಡುಗ ಕೂತು ಪರೀಕ್ಷೆಗೆ ಓದುತ್ತಿದ್ದ.

ನಮ್ಮ ಓಣಿಯ ಕೊನೆಗೂ ಒಂದು ಗುಮ್ಮಟ ಇತ್ತು, ಈಗಲೂ ಇದೆ. ಅದರೊಳಗೆ ಮಲಗಿದವರೂ ಯಾರೆಂದು ಗೊತ್ತಿಲ್ಲ. ನಾವು ಅದನ್ನು ಭೂತದ ಗುಮ್ಮಟ ಎನ್ನುತ್ತಿದ್ದೆವು. ಸುತ್ತಲೂ ಜಾಲಿ, ಬಾಗಿಲ ಹತ್ತಿರ ಒಡೆದ ಇಟ್ಟಿಗೆ, ಮದುವೆ ಊಟದ ಎಂಜಲೆಲೆ. ನಮ್ಮ ಮನೆಯ ಕಸವೂ ಅಲ್ಲಿಗೇ ಹೋಗುತ್ತಿತ್ತು, ಬುಟ್ಟಿ ಹೊತ್ತು ಹೋಗಿ ಸುರಿದು ಬರುತ್ತಿದ್ದವಳು ನಾನೇ. ಏಳನೇ ಇಯತ್ತೆಯಲ್ಲಿ ಒಂದು ಮಧ್ಯಾಹ್ನ ನಾವಿಬ್ಬರೂ ಕಂಪಾಸು ಪೆಟ್ಟಿಗೆಯ ಕೈವಾರದಿಂದ ಒಳಗಿನ ಗಚ್ಚಿನ ಮೇಲೆ ನಮ್ಮ ಹೆಸರು ಕೆತ್ತಿದೆವು. ಮುನ್ನೂರು ನಾನೂರು ವರ್ಷ ಬೆಣ್ಣೆಯ ಹಾಗೆ ನುಣ್ಣಗೆ ನಿಂತಿದ್ದ ಗಚ್ಚು, ಪುಡಿಪುಡಿಯಾಗಿ ಉದುರಿ ನಮ್ಮ ನೀಲಿ ಲಂಗದ ಮೇಲೆ ಬಿತ್ತು. ಆ ಬಿಳಿ ಪುಡಿ ಇವತ್ತಿಗೂ ಕಣ್ಣ ಮುಂದಿದೆ.

ಬಿಸಿಲಿಗೆ ಕೂತ ಹೆಂಗಸರಲ್ಲಿ ಒಬ್ಬರು ಕಿತ್ತಳೆ ಸುಲಿಯುತ್ತಿದ್ದರು. ಅರವತ್ತೈದು ದಾಟಿರಬೇಕು. ಉಪ್ಪು ಖಾರ ಸವರಿ ನಮಗೂ ನಾಲ್ಕು ತೊಳೆ ಕೊಟ್ಟು, ಯಾವ ಊರವರು ಎಂದು ಕೇಳಿದರು. ಬಿಜಾಪುರ ಎಂದ ಕೂಡಲೇ 'ಗೋಲ್ ಗುಂಬದ್!' ಎಂದು ಕಣ್ಣರಳಿಸಿದರು. ಸಾಲಿಯ ಪುಸ್ತಕದಲ್ಲಿ ಚಿತ್ರ ನೋಡಿದ್ದರಂತೆ. ಕೂಗಿದರೆ ಏಳು ಸಲ ಕೇಳಿಸುತ್ತದಂತೆ, ಹೌದಾ ಎಂದರು. ಬೆಳಗ್ಗೆ ಆರಕ್ಕೆ ಬಾಗಿಲು ತೆರೆದಾಗಲೇ ಹೋಗಬೇಕು, ಗದ್ದಲ ಇರುವುದಿಲ್ಲ, ಆಚೆ ಬದಿಯವರ ಪಿಸುಮಾತೂ ಕಿವಿಗೆ ಬರುತ್ತದೆ ಎಂದು ಗೆಳತಿ ನಮ್ಮ ಬಿಜಾಪುರದ ಹಿಂದಿಯಲ್ಲಿ ವಿವರಿಸಿದಳು. ಆಮೇಲೆ ಅವರು ಕೇಳಿದ ಪ್ರಶ್ನೆ ನನ್ನೊಳಗೆ ಇನ್ನೂ ಕೂತಿದೆ. "ಅಲ್ಲಿ ನೀವೆಲ್ಲ ಎಲ್ಲಿ ಕೂರುತ್ತೀರಿ ಬೇಟಾ, ಚಳಿಗಾಲದಲ್ಲಿ?"

ಅವರ ಮಾವ 1947ರಲ್ಲಿ ಲಾಹೋರಿನಿಂದ ಹುಡುಗನಾಗಿ ಬಂದವರಂತೆ. ಆಗ ಹುಮಾಯೂನನ ಸಮಾಧಿಯ ಆವರಣ ನಿರಾಶ್ರಿತರ ಶಿಬಿರವಾಗಿತ್ತು. ಮೊದಲ ಕೆಲವು ತಿಂಗಳು ಅಲ್ಲಿಯೇ, ಡೇರೆಯಲ್ಲಿ. ಮುಂದೆ ದೆಹಲಿಯಲ್ಲೇ ನೆಲೆ ನಿಂತರೂ ಒಂದು ಸಲವೂ ಅದನ್ನು ನೋಡಲು ಹೋಗಲಿಲ್ಲವಂತೆ. ನಾನು ಇದ್ದ ಜಾಗಕ್ಕೆ ಟಿಕೆಟ್ ತಗೊಂಡು ಹೇಗೆ ಹೋಗಲಿ ಎನ್ನುತ್ತಿದ್ದರಂತೆ.

ನಮ್ಮ ಪಟ್ಟಿ ಬದಲಾದದ್ದು ಆಗ. ಆಟೋ ಹಿಡಿದು ಸುಂದರ್ ನರ್ಸರಿಗೆ ಹೋದೆವು. ಹುಮಾಯೂನನ ಸಮಾಧಿಗೆ ಒತ್ತಿಕೊಂಡೇ ಇರುವ ಜಾಗ. ಹೊಸ ದೆಹಲಿ ಕಟ್ಟುವಾಗ ಬ್ರಿಟಿಷರು ಸಸಿ ಬೆಳೆಸಲು ಇಟ್ಟುಕೊಂಡಿದ್ದ ತೋಟ ಇದು. ಒಳಗಿದ್ದ ಮೊಗಲರ ಕಾಲದ ಗೋರಿಗಳು ಹಾಳು ಬಿದ್ದಿದ್ದವು, ಕಟ್ಟಡದ ರದ್ದಿ ಮಣ್ಣು ತಂದು ಸುರಿಯುತ್ತಿದ್ದರು. ಅಲ್ಲೂ ಅದೇ ಕಥೆ. ಆಗಾ ಖಾನ್ ಟ್ರಸ್ಟಿನವರು ಸರ್ಕಾರದ ಜೊತೆ ಸೇರಿ ವರ್ಷಗಟ್ಟಲೆ ಕೆಲಸ ಮಾಡಿ 2018ರಲ್ಲಿ ಜನರಿಗೆ ತೆರೆದುಕೊಟ್ಟರು. ಈಗ ಶನಿವಾರ ಮಧ್ಯಾಹ್ನ ಕುಟುಂಬ ಕುಟುಂಬಗಳೇ ಜಮಖಾನೆ ಹಾಸಿ ಡಬ್ಬಿ ಬಿಚ್ಚುತ್ತವೆ. ನಾವೂ ಬಿಚ್ಚಿದೆವು. ಗೆಳತಿಯ ಅವ್ವ ಕಳಿಸಿದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ. ಪಕ್ಕದ ಜಮಖಾನೆಯ ಮಕ್ಕಳು ರೊಟ್ಟಿ ಮುರಿಯುವ ಟಕ್ ಎಂಬ ಸದ್ದಿಗೆ ತಿರುಗಿ ನೋಡಿದವು. ಒಂದೊಂದು ತುಂಡು ಅವಕ್ಕೂ ಹೋಯಿತು.

ಅಲ್ಲಿಂದ ಪಕ್ಕದಲ್ಲೇ ನೆಲದಡಿಯ ವಸ್ತುಸಂಗ್ರಹಾಲಯ. 2024ರಲ್ಲಿ ತೆರೆದದ್ದು, ಬಾವಡಿಗೆ, ಅಂದರೆ ಮೆಟ್ಟಿಲ ಬಾವಿಗೆ, ಇಳಿದ ಹಾಗೆ ಇಳಿದು ಹೋಗಬೇಕು. ಹುಮಾಯೂನನ ಗುಮ್ಮಟದ ನೆತ್ತಿಯ ಮೇಲಿದ್ದ ಕಳಶ ಅಲ್ಲಿದೆ. 2014ರ ಬಿರುಗಾಳಿಗೆ ಬಿದ್ದ ಹಳೆಯದು. ಕೆಳಗೆ ನಿಂತು ನೋಡುವಾಗ ಕಡ್ಡಿಯಷ್ಟು ಕಾಣುವ ವಸ್ತು, ಹತ್ತಿರ ಬಂದರೆ ಮೂರಾಳೆತ್ತರ! ಮರದ ದಿಂಡಿನ ಮೇಲೆ ತಾಮ್ರದ ಕೊಡಗಳನ್ನು ಒಂದರ ಮೇಲೊಂದು ಪೋಣಿಸಿದ ಹಾಗೆ. ಬಿದ್ದ ಏಟಿಗೆ ತಗ್ಗಾದ ಗುರುತುಗಳಿವೆ. ಯಾವ ಕಂಚುಗಾರ ಬಡಿದನೋ, ಗುಮ್ಮಟದ ಮೇಲೆ ಇಟ್ಟ ಮೇಲೆ ಯಾರೂ ಹತ್ತಿರದಿಂದ ನೋಡಲಾರರು ಎಂದು ಗೊತ್ತಿದ್ದೂ ಅಷ್ಟು ನೀಟಾಗಿ ಬಡಿದಿದ್ದಾನೆ.

ಸಮಾಧಿಯನ್ನು ದುರಸ್ತಿ ಮಾಡಿದ ಬಗೆಯನ್ನು ನಮ್ಮೂರಿನವರು ಓದಲೇಬೇಕು, ಅದಕ್ಕೇ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ. ಸೋರುವುದನ್ನು ನಿಲ್ಲಿಸಲು ಹಿಂದಿನವರು ಚಾವಣಿಗೆ ಪದರ ಪದರವಾಗಿ ಸಿಮೆಂಟ್ ಕಾಂಕ್ರೀಟ್ ಬಳಿದಿದ್ದರು. 2007ರಿಂದ ಮುಂದೆ ನಡೆದ ಕೆಲಸದಲ್ಲಿ ಅದನ್ನೆಲ್ಲ ಕೈಯಿಂದಲೇ ಕಿತ್ತು ತೆಗೆದು ಸುಣ್ಣದ ಗಚ್ಚು ಹಾಕಿದರು. ಹಳೆಯ ಗೋಡೆಗೆ ಸಿಮೆಂಟು ಹಚ್ಚಿದರೆ ಒಳಗಿನ ತೇವ ಹೊರಗೆ ಬರಲು ದಾರಿ ಇರುವುದಿಲ್ಲ, ಒಳಗೊಳಗೇ ಉಪ್ಪೇರಿ ಕಲ್ಲು ಸಿಬಿರೇಳುತ್ತದೆ. ಸುಣ್ಣವಾದರೆ ಗೋಡೆ ಆರುತ್ತದೆ. ಬೆಲ್ಲ, ಬಿಲ್ವದ ಹಣ್ಣಿನ ತಿರುಳು ಬೆರೆಸಿ ಗಾರೆ ಹದ ಮಾಡುತ್ತಿದ್ದ ಹಳೆಯ ಪದ್ಧತಿಯನ್ನು ಮತ್ತೆ ತಂದರು. ಚಾವಣಿಯ ಮೇಲಿನ ಛತ್ರಿಗಳ, ಅಂದರೆ ಪುಟ್ಟ ಮಂಟಪಗಳ, ಹೆಂಚು ಮಾಡಲು ಉಜ್ಬೇಕಿಸ್ತಾನದ ಕುಶಲಿಗಳನ್ನು ಕರೆಸಿ, ಪಕ್ಕದ ನಿಜಾಮುದ್ದೀನ್ ಬಸ್ತಿಯ ಹುಡುಗರಿಗೆ ಆ ಕೆಲಸ ಕಲಿಸಿದರು. ನನ್ನ ಮನಸ್ಸಿಗೆ ಹೆಚ್ಚು ಹಿಡಿಸಿದ್ದು ಈ ಕೊನೆಯದು. ಓಣಿಯ ಹುಡುಗನ ಕೈಯಿಂದ ಆದ ಕೆಲಸದ ಮೇಲೆ ಓಣಿಯವರು ಕಸ ಹಾಕುವುದಿಲ್ಲ.

ಭಾನುವಾರ ಆ ಬಸ್ತಿಗೇ ಹೋದೆವು. ಹೂವಿನಂಗಡಿ, ಅತ್ತರು, ಕಬಾಬಿನ ಹೊಗೆ ದಾಟಿ ಸೂಫಿ ಸಂತ ನಿಜಾಮುದ್ದೀನರ ದರ್ಗಾ. ಕವಿ ಅಮೀರ್ ಖುಸ್ರೋ ಗೋರಿಯೂ ಅಲ್ಲೇ. ದರ್ಗಾದ ಬಾವಡಿ ಹದಿನಾಲ್ಕನೇ ಶತಮಾನದ್ದು, ಜನ ಇನ್ನೂ ಭಕ್ತಿಯಿಂದ ನೀರು ಮುಟ್ಟುತ್ತಾರೆ. 2008ರಲ್ಲಿ ಒಂದು ಬದಿಯ ಗೋಡೆ ಕುಸಿದಾಗ ಹೂಳು ತೆಗೆದು ಪೂರಾ ಎತ್ತಿ ನಿಲ್ಲಿಸಿದ್ದಾರೆ. ಕಟಕಟೆ ಹಿಡಿದು ಕೆಳಗೆ ನೋಡುತ್ತಿದ್ದ ಗೆಳತಿ ತಟ್ಟನೆ "ನಮ್ಮ ತಾಜ್ ಬಾವಡಿ ಇದರ ಎಷ್ಟ್ ಪಟ್ಟು ದೊಡ್ಡದೈತಲ್ಲ" ಅಂದಳು. ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ.

ಒಂದು ಮಾತು ಮುಚ್ಚಿಡಬಾರದು. ಲೋದಿ ಗಾರ್ಡನ್ ಈಗಿನಷ್ಟು ಚೆಂದ ಕಾಣಲು 1936ರಲ್ಲಿ ಅಲ್ಲಿದ್ದ ಖೈರ್‌ಪುರ ಎಂಬ ಹಳ್ಳಿಯನ್ನೇ ಎತ್ತಿಸಿದರು. ಗೋರಿಗಳ ನಡುವೆ ಒಲೆ ಹೂಡಿ ಬದುಕಿದ್ದವರನ್ನು ಹೊರಗೆ ಹಾಕಿ ಮಾಡಿದ ತೋಟ ಅದು. ನಮ್ಮೂರಿಗೆ ಆ ದಾರಿ ಬೇಡ. ನನಗೆ ಬೇಕಾದದ್ದು ನಿಜಾಮುದ್ದೀನಿನ ದಾರಿ. ಜನ ಅಲ್ಲೇ ಇರಲಿ, ಅವರ ಕೈಯಿಂದಲೇ ಕಟ್ಟಡ ಉಳಿಯಲಿ.

ಬಿಜಾಪುರದಲ್ಲಿ ಗೋಳಗುಮ್ಮಟ, ಇಬ್ರಾಹಿಂ ರೋಜಾಕ್ಕೆ ಬೇಲಿ ಇದೆ, ಹುಲ್ಲುಹಾಸಿದೆ, ಕಾವಲಿದೆ. ಬೆಳಗ್ಗೆ ಗೋಳಗುಮ್ಮಟದ ಸುತ್ತ ವಾಕಿಂಗ್ ಹೋಗುವವರೂ ಇದ್ದಾರೆ. ಜೋಡಗುಮ್ಮಟದಲ್ಲಿ ಕಂದೂರಿ (ಹರಕೆಯ ಊಟ) ಮಾಡಿ ಉಂಡು ಕೂತವರನ್ನು ನೋಡಿಯೇ ನಾವು ಬೆಳೆದದ್ದು. ಕೆಲವು ವರ್ಷಗಳ ಹಿಂದೆ ಬಾವಡಿಗಳ ಹೂಳು ತೆಗೆದಾಗ ತಳದಲ್ಲಿ ನೀರು ಕಂಡು ಊರೇ ನೋಡಲು ಹೋಗಿತ್ತು. ಅಂದರೆ ನಮ್ಮ ಜನರಿಗೆ ಮನಸ್ಸಿಲ್ಲ ಎಂದಲ್ಲ. ಆದರೆ 1686ರಲ್ಲಿ ಔರಂಗಜೇಬನ ದಂಡು ಊರನ್ನು ಗೆದ್ದ ಮೇಲೆ ವಾರಸುದಾರರಿಲ್ಲದೆ ಉಳಿದ ಆ ಸಣ್ಣ ಸಣ್ಣ ಗುಮ್ಮಟ, ಮಸೀದಿ, ನೀರಿನ ಗಂಜುಗಳನ್ನು (ನೀರು ಹಂಚುತ್ತಿದ್ದ ಗೋಪುರಗಳನ್ನು) ಯಾರು ನೋಡಬೇಕು? ಹೆಸರಿರುವ ಗೋರಿಗೆ ಮಾತ್ರ ಮರ್ಯಾದೆ ಎಂದರೆ ಊರಿನ ಮುಕ್ಕಾಲು ಪಾಲು ಕಸದ ತಿಪ್ಪೆಗೇ ಹೋಗುತ್ತದೆ. ಒಂದೊಂದರ ಸುತ್ತ ನಾಲ್ಕು ಬೇವಿನ ಮರ, ಎರಡು ಪರ್ಸಿ ಕಲ್ಲಿನ ಕಟ್ಟೆ, ಒಂದು ನಳ, ಕನ್ನಡದಲ್ಲಿ ಒಂದು ಫಲಕ. ಇಷ್ಟಾದರೆ ಮುದುಕಿಯರು ತಾವಾಗಿಯೇ ಬಂದು ಶೇಂಗಾ ಸುಲಿಯುತ್ತ ಕೂರುತ್ತಾರೆ.

ವಾಪಸು ಬರುವಾಗ ವಿಮಾನದಲ್ಲಿ ಗೆಳತಿ ಕೇಳಿದಳು: "ನಮ್ಮ ಹೆಸರು ಇನ್ನೂ ಅದಾವೇನಲೇ, ಆ ಗ್ವಾಡಿ ಮ್ಯಾಲ?" ಅದಾವ ಎಂದೆ. ಹೋದ ದೀಪಾವಳಿಗೆ ಇಣುಕಿ ನೋಡಿದ್ದೆ, ಅವಳಿಗೆ ಹೇಳಿರಲಿಲ್ಲ.

ಯುಗಾದಿಗೆ ಇಬ್ಬರೂ ಊರಿಗೆ ಹೋಗುತ್ತಿದ್ದೇವೆ. ಕಸ ಎತ್ತಲು ಒಂದು ಟ್ರ್ಯಾಕ್ಟರು ಬೇಕೆಂದು ಪಾಲಿಕೆಗೆ ಅರ್ಜಿ ಬರೆದಾಗಿದೆ. ಗೋಡೆಯನ್ನು ಮುಟ್ಟುವುದಿಲ್ಲ, ಅದು ಗಚ್ಚಿನ ಕೆಲಸ ಬಲ್ಲವರದ್ದು. ಸುತ್ತಲಿನ ಜಾಲಿ ಮತ್ತು ಕಸ ಮಾತ್ರ ನಮ್ಮದು. ಹಬ್ಬದ ಮರುದಿನ ಬೆಳಗ್ಗೆ ಆರೂವರೆಗೆ ಓಣಿಯ ಕೊನೆಗೆ ಇರುತ್ತೇವೆ. ನಮ್ಮ ಸಾಲಿಯವರು ಯಾರಾದರೂ ಇದನ್ನು ಓದುತ್ತಿದ್ದರೆ ಬರ್ರಿ, ಕುಡುಗೋಲು ಇದ್ದವರು ತರ್ರಿ. ರೊಟ್ಟಿ ಗೆಳತಿಯ ಮನೆಯಿಂದ, ಹಿಂಡಿ ನಮ್ಮ ಮನೆಯಿಂದ.