ಎಷ್ಟು ಎಂಎಂ ಸಾರ್?

ಪಕ್ಷಿಧಾಮದ ಟಿಕೆಟ್ ಕೌಂಟರಿನಲ್ಲಿ ಈಗ ‘ಎಷ್ಟು ಜನ’ ಅಂತ ಆಮೇಲೆ ಕೇಳುತ್ತಾರೆ. ಹೆಗಲಲ್ಲಿ ಕ್ಯಾಮೆರಾ ಕಂಡರೆ ಮೊದಲು ಬರುವ ಪ್ರಶ್ನೆ, ‘ಎಷ್ಟು ಎಂಎಂ ಸಾರ್?’ ಎಂಎಂ ಅಂದರೆ ಲೆನ್ಸಿನ ಫೋಕಲ್ ಲೆಂತ್. ಅದು ಹೆಚ್ಚಿದಷ್ಟೂ ದೂರದ ಹಕ್ಕಿ ಹತ್ತಿರ ಕಾಣುತ್ತದೆ. ಆ ಬೋರ್ಡು ನೀವೂ ನೋಡಿರುತ್ತೀರಿ. ಇಷ್ಟು ಎಂಎಂವರೆಗೆ ಇಷ್ಟು ರೂಪಾಯಿ, ಲೆನ್ಸ್ ಅದಕ್ಕಿಂತ ಉದ್ದ ಇದ್ದರೆ ಇನ್ನಷ್ಟು. ಮೊಬೈಲಿಗೆ ಏನೂ ಇಲ್ಲ. ನಾನು ಹೋದದ್ದು ಯಾವ ಪಕ್ಷಿಧಾಮ ಅಂತ ಹೇಳುವುದಿಲ್ಲ. ಇನ್ನೊಂದು ಸಲ ಹೋಗಬೇಕಲ್ಲ.

ಜೊತೆಗೆ ಅಕ್ಕನ ಮಗ ಇದ್ದ. ಹಕ್ಕಿ ಹುಚ್ಚು ಹಿಡಿದು ಇನ್ನೂ ಮೂರು ತಿಂಗಳು. ದಾರಿಯುದ್ದಕ್ಕೂ ಒಂದೇ ರಾಗ. ‘ಮಾವ, ಕಡಿಮೆ ದುಡ್ಡಲ್ಲಿ ಒಂದು ಒಳ್ಳೆ ಟೆಲಿ ಲೆನ್ಸ್ ಹೇಳಿ.’

ಕಡಿಮೆ ದುಡ್ಡು! ಲೆನ್ಸಿನ ಲೋಕದಲ್ಲಿ ಈ ಮಾತಿಗೆ ಬೇರೆಯದೇ ಅರ್ಥ ಇದೆ. ‘ಆರಂಭಿಕರಿಗೆ’ ಅಂದರೆ ಲಕ್ಷದ ಆಸುಪಾಸು. ‘ಸ್ವಲ್ಪ ಸೀರಿಯಸ್ ಆಗಿರುವವರಿಗೆ’ ಅಂದರೆ ಒಂದು ಸೆಕೆಂಡ್ ಹ್ಯಾಂಡ್ ಕಾರು. ಇನ್ನೂ ಮೇಲಿನದು ಬೇಕಾದರೆ ಅಡಿಕೆ ತೋಟ ಇರಬೇಕು, ಆ ವರ್ಷ ರೇಟೂ ಚೆನ್ನಾಗಿರಬೇಕು.

ಕೌಂಟರಿಗೆ ಬರೋಣ. ನನ್ನದು ಸಿಗ್ಮಾ 150-600. ಒಳಗಿದ್ದವರು ಲೆನ್ಸಿನ ಮೇಲೆ ಬರೆದದ್ದನ್ನು ಎರಡು ಸಲ ಓದಿದರು.

‘ಇದು 150 ಇದೆಯೋ, 600 ಇದೆಯೋ?’

‘ಎರಡೂ ಇದೆ.’

‘ಹಂಗಾರೆ ಎರಡು ಲೆನ್ಸಾ?’

‘ಒಂದೇ ಸಾರ್. ಜೂಮು. ಬೇಕಾದರೆ 150ರಲ್ಲೇ ಇಟ್ಟುಕೊಂಡು ತೆಗೀತೀನಿ. ಕಡಿಮೆ ರೇಟು ಹಾಕ್ಕೊಳ್ಳಿ.’

ಅವರು ನಗಲಿಲ್ಲ. ದೊಡ್ಡ ರೇಟಿನ ರಸೀದಿ ಹರಿದರು. ಹುಡುಗನ ಕೈಯಲ್ಲಿದ್ದದ್ದು ಗೆಳೆಯನಿಂದ ಕಡ ತಂದ ಕ್ಯಾನನ್ 55-250. ಅದಕ್ಕೆ ಸಣ್ಣ ರೇಟು. ಅಷ್ಟಕ್ಕೆ ಸುಮ್ನೆ ಇರಬೇಕಲ್ವಾ? ಇವನು ‘ಮಾವ, ನಂದು ಕ್ರಾಪ್ ಸೆನ್ಸರ್, ಅಂದ್ರೆ ಸಣ್ಣ ಸೆನ್ಸರ್, 250ನ್ನು 1.6ರಿಂದ ಗುಣಿಸಿದ್ರೆ 400ಕ್ಕೆ ಸಮ ಆಗುತ್ತೆ’ ಅಂತ ಜೋರಾಗಿಯೇ ಶುರು ಮಾಡಿದ. ಕಾಲು ತುಳಿದೆ. ಕಾಲೇಜಿನಲ್ಲಿ ಕೇಳಿದಾಗ ಬಾರದ ಗಣಿತ ಇಲ್ಲಿ ಬರುತ್ತೆ.

ನಮ್ಮ ಮುಂದಿದ್ದವರದ್ದು ಇನ್ನೂ ಚೆಂದ. ಕ್ಯಾನನ್ ಎಸ್ಎಕ್ಸ್70. 65 ಪಟ್ಟು ಜೂಮ್, 1365 ಎಂಎಂಗೆ ಸಮ. ಆದರೆ ಆಫ್ ಮಾಡಿದರೆ ಲೆನ್ಸು ಆಮೆಯ ಕತ್ತಿನ ಹಾಗೆ ಒಳಗೆ ಹೋಗಿಬಿಡುತ್ತದೆ. ಕೌಂಟರಿನವರಿಗೆ ಅದು ಪಾಪದ ಪುಟ್ಟ ಕ್ಯಾಮೆರಾ. ಸಣ್ಣ ರೇಟಿನಲ್ಲಿ ಆಯಪ್ಪ ಒಳಗೆ ಹೋದರು.

ನಿಜ ಹೇಳಬೇಕೆಂದರೆ ನನಗೆ ಈ ಪದ್ಧತಿಯ ಮೇಲೆ ಗೌರವ ಬಂದಿದೆ. ಎಷ್ಟು ಸರಳ! ಉದ್ದ ಕಂಡರೆ ದುಡ್ಡು. ಇದನ್ನು ಹಕ್ಕಿಗಳಿಗಷ್ಟೇ ಯಾಕೆ ಬಿಟ್ಟರೋ ಗೊತ್ತಿಲ್ಲ. ಸನ್ಮಾನ ಸಮಾರಂಭದ ಭಾಷಣಗಳಿಗೆ ಉದ್ದದ ಮೇಲೆ ಶುಲ್ಕ ಹಾಕಲಿ. ಖಜಾನೆ ವಾರದೊಳಗೆ ತುಂಬುತ್ತದೆ.

ಹುಡುಗನಿಗೆ ಲೆನ್ಸಿನ ವಿಷಯ ಹೇಳಲು ಹೋದರೆ ನನಗೆ ಮಲೆನಾಡಿನ ಸಾಗರದ ಕಡೆಯ ಗೆಳೆಯನೇ ನೆನಪಾಗುತ್ತಾನೆ. ಸಾಲ ಮಾಡಿ ದೊಡ್ಡ ಲೆನ್ಸ್ ತಂದ. ಜೂನಿನಲ್ಲಿ ಮಳೆ ಹಿಡಿಯಿತು. ಲೆನ್ಸನ್ನು ಮಗುವಿನ ಹಾಗೆ ಬಟ್ಟೆ ಸುತ್ತಿ ಬೀರುವಿನಲ್ಲಿ ಮಲಗಿಸಿದ. ಮಳೆಗಾಲ ಮುಗಿದ ಮೇಲೆ ತೆಗೆದು ನೋಡಿದರೆ ಗಾಜಿನ ಒಳಗೆಲ್ಲ ಜೇಡರ ಬಲೆಯಂಥ ಎಳೆ. ಕೆಟ್ಟ ಉಪ್ಪಿನಕಾಯಿಗೆ ಬರುವ ಬೂಸ್ಟು, ಅದೇ. ‘ಅಡಿಕೆ ಒಣಗಿಸೋ ಅಟ್ಟದಲ್ಲಿ ಇಡಿ ಅಂದೆ, ಕೇಳಿದ್ರಾ?’ ಅಂತ ಅವನ ಹೆಂಡತಿ ಇವತ್ತಿಗೂ ಕೇಳುತ್ತಾರೆ. ಈಗ ಅವನು ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್ ಪೊಟ್ಟಣ ಅಂತ ಮಡಿ ಆಚರಿಸುತ್ತಾನೆ. ಸೆಕೆಂಡ್ ಹ್ಯಾಂಡ್ ಲೆನ್ಸ್ ಕೊಳ್ಳುವವರು ಇದೊಂದನ್ನು ಮರೆಯಬೇಡಿ. ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ಇಣುಕಿ. ಎಳೆ ಕಂಡರೆ ನಮಸ್ಕಾರ ಹೇಳಿ ಎದ್ದು ಬನ್ನಿ.

ದೋಣಿ ಹತ್ತಿದೆವು. ಬಣ್ಣದ ಕೊಕ್ಕರೆಗಳ ಗೂಡಿನ ಹತ್ತಿರವೇ ಅಂಬಿಗ ನಿಲ್ಲಿಸಿದ. 600ರಲ್ಲಿ ನೋಡಿದೆ, ಬರೀ ಕೊಕ್ಕು. ಹಿಂದೆ ಸರಿಯೋಣ ಅಂದರೆ ನೀರು. ಕೊನೆಗೆ 150ಕ್ಕೆ ತಂದೆ. ಅಂದರೆ ಕೌಂಟರಿನಲ್ಲಿ ಕೊಟ್ಟ ಮಾತು ಉಳಿಸಿಕೊಂಡೆ, ದುಡ್ಡು ಮಾತ್ರ 600ರದ್ದೇ. ಎರಡು ಕೆಜಿ ಹತ್ತಿರ ತೂಗುವ ಲೆನ್ಸನ್ನು ಕಣ್ಣಿಗೆ ಹಿಡಿದು ನನ್ನ ಭುಜ ನಡುಗುತ್ತಿತ್ತು. ಅವನ 375 ಗ್ರಾಮಿನ 55-250ರಲ್ಲಿ ತಾಯಿ, ಮರಿ, ಗೂಡು ಎಲ್ಲ ಬಂತು. ಆಮೇಲೆ ಮರದ ನೆರಳಲ್ಲಿ ಮಿಂಚುಳ್ಳಿಯೊಂದು ಸಿಕ್ಕಿತು. ನನ್ನ ಲೆನ್ಸಿನ ಕಿಂಡಿ 600ರಲ್ಲಿ ಎಫ್ 6.3ಕ್ಕಿಂತ ಅಗಲ ತೆರೆಯುವುದಿಲ್ಲ. ಬೆಳಕು ಸಾಲದೆ ಐಎಸ್ಒ, ಅಂದರೆ ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಚುರುಕು, ಏರಿಸಿದೆ. ಹಕ್ಕಿಯ ಮೈಮೇಲೆ ರವೆ ಚೆಲ್ಲಿದ ಹಾಗಿದೆ ಫೋಟೋ.

ದೋಣಿ ದಡಕ್ಕೆ ತಿರುಗಿತು. ದಡದಲ್ಲಿ ನಾಲ್ಕು ಹುಡುಗರು. ಕೈಯಲ್ಲಿ ಮೊಬೈಲ್. ಒಬ್ಬ ರೀಲ್ಸ್ ಮಾಡಲು ಸಿದ್ಧ, ಇನ್ನೊಬ್ಬ ಕಲ್ಲು ಎಸೆಯಲು. ಕೊಕ್ಕರೆಗಳೆಲ್ಲ ಒಟ್ಟಿಗೆ ಹಾರಬೇಕಂತೆ. ಹಾರಿದವು. ಮರಿಗಳು ಸುಡುಬಿಸಿಲಲ್ಲಿ ಬಾಯಿ ತೆರೆದುಕೊಂಡು ಗೂಡಲ್ಲೇ ಉಳಿದವು. ರೆಕ್ಕೆ ಹರಡಿ ನೆರಳು ಕೊಡುತ್ತಿದ್ದ ತಾಯಿ ಆಕಾಶದಲ್ಲಿ ಸುತ್ತುತ್ತಿತ್ತು. ಗಾರ್ಡ್ ಎಲ್ಲಿ ಅಂತ ಹುಡುಕಿದೆ. ಇದ್ದ ಒಬ್ಬರೂ ಗೇಟಿನಲ್ಲಿ ಲೆನ್ಸ್ ನೋಡುತ್ತಿದ್ದರು.

ಉದ್ದ ಲೆನ್ಸ್ ಯಾಕೆ ತಗೊಳ್ಳುತ್ತಾರೆ ಸ್ವಾಮಿ? ಹಕ್ಕಿಯ ಹತ್ತಿರ ಹೋಗದೆ ಇರುವುದಕ್ಕೆ. 300ರಲ್ಲಿ 10 ಮೀಟರಿನಿಂದ ತೆಗೆಯುವ ಚಿತ್ರವನ್ನು 600 ಇದ್ದರೆ 20 ಮೀಟರಿನಿಂದ ತೆಗೆಯಬಹುದು. ದೂರ ನಿಂತವನಿಗೆ ಜಾಸ್ತಿ ದುಡ್ಡು. ಗೂಡಿನ ಬುಡಕ್ಕೇ ಹೋಗುವವನಿಗೆ ಪುಕ್ಕಟೆ. ಇದನ್ನು ಯೋಚನೆ ಮಾಡಿದವರು ಒಂದು ದಿನವಾದರೂ ಹಕ್ಕಿ ನೋಡಿದ್ದಾರಾ? ಉದ್ದ ಲೆನ್ಸಿನವರೆಲ್ಲ ಸಂತರು ಅಂತಲ್ಲ. ಜೇಬಿನ ಸ್ಪೀಕರಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಸುವವರಿದ್ದಾರೆ. ಗೂಡು ಕಾಣಲಿ ಅಂತ ಅಡ್ಡ ಇರುವ ಕೊಂಬೆ ಕತ್ತರಿಸುವವರಿದ್ದಾರೆ. ಆ ಸ್ಪೀಕರ್, ಆ ಕತ್ತರಿ ಯಾವ ಕೌಂಟರಿನಲ್ಲೂ ಲೆಕ್ಕಕ್ಕಿಲ್ಲ. ಹೇಳಿ ಹೇಳಿ ಸಾಕಾಗಿದೆ.

ವಾಪಸ್ ಬರುವಾಗ ಹುಡುಗ ಮತ್ತೆ ಕೇಳಿದ. ಹಳೇ 55-250 ಸಿಕ್ಕರೆ ತಗೋ ಅಂದೆ. ಐಎಸ್, ಅಂದರೆ ಕೈ ಅಲುಗಾಟ ಸರಿದೂಗಿಸುವ ವ್ಯವಸ್ಥೆ, ಇಲ್ಲದ ಹಳೇ 75-300 ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ. 50 ಎಂಎಂ ಜಾಸ್ತಿ ಅಂತ ಆಸೆ ಹುಟ್ಟಿಸುತ್ತೆ, ಕೈ ಅಲುಗಿದರೆ ಚಿತ್ರ ಮಸುಕು. ಒಂದು ವರ್ಷ ಇದರಲ್ಲೇ ತೆಗಿ. ಮದ್ದೂರಿನ ಹತ್ತಿರದ ಕೊಕ್ಕರೆಬೆಳ್ಳೂರಿಗೆ ಹೋಗು. ಅಲ್ಲಿ ಹೆಜ್ಜಾರ್ಲೆಗಳು, ಅಂದರೆ ಪೆಲಿಕನ್‌ಗಳು, ಮನೆ ಹತ್ತಿರದ ಹುಣಸೆ ಮರದಲ್ಲೇ ಗೂಡು ಕಟ್ಟುತ್ತವೆ. ಊರಿನವರು ಅವನ್ನು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಅನ್ನುತ್ತಾರೆ.

‘ಮಾವ, ಹಂಗಾದ್ರೆ ನಿಮ್ಮ 600 ಯಾಕೆ?’ ಅಂದ.

ಉತ್ತರ ಹೇಳಲಿಲ್ಲ, ರಸೀದಿ ತೋರಿಸಿದೆ. ಪೆನ್ನಿನಲ್ಲಿ ಬರೆದಿದ್ದರು: ‘ಜನ 2. ಲೆನ್ಸ್ ದೊಡ್ಡದು 1.’