ವಿದೇಶಿ ಗಿರಾಕಿಯ ಪಿ.ಒ.: ಸಿಂಗಪುರದ ಆರ್ಬಿಟ್ರೇಷನ್‌ಗೆ ಸಹಿ ಹಾಕಬೇಕೇ?

ಪರ

ಬೆಳಗಾವಿ ಉದ್ಯಮಬಾಗದ ಫೌಂಡ್ರಿಗೆ ಹೊರದೇಶದ ಆರ್ಡರ್ ಬಂತು ಅಂದರೆ ಮೊದಲು ನೋಡುವುದು ಕಿಲೋಗೆ ಎಷ್ಟು ರೇಟು ಅಂತ, ಆಮೇಲೆ ಡೆಲಿವರಿ ತಾರೀಕು. ಪಿ.ಒ. (ಖರೀದಿ ಆದೇಶ) ಹಿಂಬದಿಯ ಸಣ್ಣಕ್ಷರ ಓದುವವರು ಕಡಿಮೆ. ಎಷ್ಟೋ ಸಲ ಅಲ್ಲಿ ಒಂದು ಸಾಲು ಇರುತ್ತದೆ: ತಕರಾರು ಬಂದರೆ ಸಿಂಗಪುರದಲ್ಲಿ ಆರ್ಬಿಟ್ರೇಷನ್. ಅಂದರೆ ಕೋರ್ಟಿನ ಬದಲು ಮಧ್ಯಸ್ಥರು (ಆರ್ಬಿಟ್ರೇಟರ್) ತೀರ್ಪು ಕೊಡುತ್ತಾರೆ. ಅದನ್ನು ಓದಿದವರು ಗಾಬರಿಯಾಗಿ, "ಇಲ್ರಿ, ಬೆಳಗಾವಿ ಕೋರ್ಟ್ ಅಂತ ಬರೀರಿ" ಅನ್ನುತ್ತಾರೆ. ಈ ಹಟದಿಂದ ನಷ್ಟವೇ ಜಾಸ್ತಿ.

ಕೇಸ್ ಗೆಲ್ಲುವುದು ಬೇರೆ, ದುಡ್ಡು ಕೈಗೆ ಬರುವುದು ಬೇರೆ. ಗಿರಾಕಿಯ ಆಸ್ತಿ ಇರುವುದು ಅವನ ದೇಶದಲ್ಲಿ. ಒಬ್ಬರ ಡಿಕ್ರಿಯನ್ನು ಇನ್ನೊಬ್ಬರು ನೇರವಾಗಿ ಜಾರಿ ಮಾಡುವ ವ್ಯವಸ್ಥೆ ನಮಗೆ ಬ್ರಿಟನ್, ಸಿಂಗಪುರ, ಯುಎಇಯಂಥ ಕೆಲವೇ ದೇಶಗಳ ಜೊತೆ ಇದೆ. ಅಮೆರಿಕ, ಜರ್ಮನಿ ಆ ಪಟ್ಟಿಯಲ್ಲಿಲ್ಲ. ಬೆಳಗಾವಿಯ ಡಿಕ್ರಿ ಹಿಡಿದು ಅಲ್ಲಿಗೆ ಹೋದರೆ ಅದನ್ನು ಮಾನ್ಯ ಮಾಡಿಸಲಿಕ್ಕೇ ಇನ್ನೊಂದು ದಾವೆ. ಆರ್ಬಿಟ್ರೇಷನ್ ತೀರ್ಪಿಗೆ 1958ರ ನ್ಯೂಯಾರ್ಕ್ ಒಪ್ಪಂದದ ಬಲ ಇದೆ. 170ಕ್ಕೂ ಹೆಚ್ಚು ದೇಶಗಳು ಅದಕ್ಕೆ ಸೇರಿವೆ. ಅಲ್ಲಿನ ಕೋರ್ಟು ಕೆಲವೇ ಕಾರಣಗಳಿಗೆ ಅದನ್ನು ತಳ್ಳಿಹಾಕಬಹುದು, ಕೇಸನ್ನು ಮೊದಲಿಂದ ಕೇಳುವ ಹಾಗಿಲ್ಲ.

ವರ್ಷಗಟ್ಟಲೆ ಎಳೆಯುತ್ತದೆ ಎಂಬ ಹೆದರಿಕೆಯೂ ಈಗ ಮೊದಲಿನಷ್ಟು ಬೇಡ. ಸಿಂಗಪುರದ ಅಂತರರಾಷ್ಟ್ರೀಯ ಆರ್ಬಿಟ್ರೇಷನ್ ಕೇಂದ್ರದ 2025ರ ನಿಯಮಗಳಲ್ಲಿ, 10 ಲಕ್ಷ ಸಿಂಗಪುರ ಡಾಲರ್‌ವರೆಗಿನ ತಕರಾರಿಗೆ ಚುಟುಕು ವಿಧಾನ ಬಂದಿದೆ. ಆರ್ಬಿಟ್ರೇಟರ್ ನೇಮಕವಾದ 3 ತಿಂಗಳಲ್ಲಿ ತೀರ್ಪು ಕೊಡಬೇಕು. ನಮ್ಮ ಕಮರ್ಷಿಯಲ್ ಕೋರ್ಟಿನಲ್ಲಿ ಪ್ರತಿವಾದಿ ಉತ್ತರ ಸಲ್ಲಿಸಲಿಕ್ಕೇ 120 ದಿನದವರೆಗೆ ಅವಕಾಶ ಇದೆ.

ವಿರೋಧ

ಬೆಳಗಾವಿ ಕೋರ್ಟು ಬೇಡ ಅನ್ನುವುದನ್ನು ಒಪ್ಪೋಣ. ಅದಕ್ಕೆ ಸಿಂಗಪುರವೇ ಯಾಕೆ? ಭಾರತವೂ 1960ರಿಂದ ನ್ಯೂಯಾರ್ಕ್ ಒಪ್ಪಂದದಲ್ಲಿದೆ. ಆರ್ಬಿಟ್ರೇಷನ್ ಸೀಟ್ (ಕಾನೂನಿನ ಲೆಕ್ಕದಲ್ಲಿ ಅದು ನಡೆಯುವ ಊರು) ಬೆಂಗಳೂರು ಅಂತ ಬರೆದರೂ ಆ ತೀರ್ಪನ್ನು ಜರ್ಮನಿಯಲ್ಲಿ ಜಾರಿ ಮಾಡಿಸಬಹುದು.

ಜಗಳ ಹುಟ್ಟುವ ರೀತಿ ನೋಡಿ. ಮಾಲು ಹೋಗಿ ತಿಂಗಳುಗಳಾದ ಮೇಲೆ ಒಂದು ಮೇಲ್ ಬರುತ್ತದೆ. ಮಷೀನಿಂಗ್ ಮಾಡುವಾಗ ಕಾಸ್ಟಿಂಗ್ (ಎರಕದ ತುಂಡು) ಒಳಗೆ ಬ್ಲೋಹೋಲ್ (ಗಾಳಿ ಸಿಕ್ಕಿ ಆದ ತೂತು) ಕಂಡವು ಅಂತ. ಎರಡು ಫೋಟೋ, ಜೊತೆಗೊಂದು ಡೆಬಿಟ್ ನೋಟ್. ಮುಂದಿನ ಬಿಲ್ಲಿನಲ್ಲಿ ಅಷ್ಟು ದುಡ್ಡು ಕಟ್. ಪರೀಕ್ಷೆ ಮಾಡೋಣ ಅಂದರೆ ಪೀಸ್ ಇರುವುದು ಅವರ ಗೋಡೌನಿನಲ್ಲಿ. ದುಡ್ಡು ಹಿಡಿದುಕೊಂಡವರು ಅವರು, ಕೇಸ್ ಹಾಕಬೇಕಾದವರು ನಾವು. ಚುಟುಕು ವಿಧಾನದಲ್ಲಿ ಕೇಂದ್ರದ ಮತ್ತು ಆರ್ಬಿಟ್ರೇಟರ್ ಫೀ ಅರ್ಧಕ್ಕಿಳಿಯುತ್ತದೆ, ನಿಜ. ವಕೀಲರ ಫೀ ಇಳಿಯುವುದಿಲ್ಲ. ಹದಿನೈದು ಲಕ್ಷದ ಬಾಕಿಗೆ ಯಾವ ಸಣ್ಣ ಫೌಂಡ್ರಿ ಸಿಂಗಪುರಕ್ಕೆ ಹೋಗುತ್ತದೆ? ಸುಮ್ನೆ ಬಿಟ್ಟುಬಿಡುತ್ತಾರೆ. ಗಿರಾಕಿಗೂ ಅದು ಗೊತ್ತು.

ಸೀಟ್ ಜೊತೆಗೆ ಯಾವ ದೇಶದ ಕಾನೂನು ಅನ್ನುವ ಸಾಲನ್ನೂ ನೋಡಬೇಕು. ಎಲ್ಲರೂ ಮರೆಯುವುದು ಇದನ್ನೇ. ಬರೀ 'ಜರ್ಮನ್ ಕಾನೂನು' ಅಂತ ಬರೆದರೆ ಸರಕು ಮಾರಾಟದ 1980ರ ವಿಯೆನ್ನಾ ಒಪ್ಪಂದವೂ ಒಳಗೆ ಬರುತ್ತದೆ. ಭಾರತ ಅದಕ್ಕೆ ಸೇರಿಲ್ಲ, ಆದರೂ ನಮ್ಮ ಮಾಲಿಗೆ ಅದು ಅನ್ವಯಿಸುತ್ತದೆ. ದೋಷ ಕಂಡ ಮೇಲೆ ತಡಮಾಡದೆ ತಿಳಿಸಬೇಕು ಅಂತ ಅದರಲ್ಲಿದೆ. ಆದರೆ ಒಳಗೆ ಅಡಗಿದ ಬ್ಲೋಹೋಲ್ ತಡವಾಗಿಯೇ ಕಾಣುತ್ತದೆ, ತಿಳಿಸಲಿಕ್ಕೆ ಗರಿಷ್ಠ ಗಡುವು 2 ವರ್ಷ. ಆ ಗಡುವನ್ನು ಆರು ತಿಂಗಳಿಗೆ ಇಳಿಸಿ ಪಿ.ಒ.ದಲ್ಲೇ ಬರೆಸಿಕೊಳ್ಳಬಹುದು. ಕೇಳಬೇಕು, ಅಷ್ಟೇ.

ದೊಡ್ಡ ಗಿರಾಕಿ ಬೆಂಗಳೂರು ಒಪ್ಪದೇ ಇರಬಹುದು. ಆಗ ಎಲ್.ಸಿ. (ದುಡ್ಡು ಕೊಡುತ್ತೇವೆ ಅಂತ ಗಿರಾಕಿಯ ಬ್ಯಾಂಕು ಬರೆದುಕೊಡುವ ಪತ್ರ) ಇಲ್ಲದೆ ಸಹಿ ಹಾಕಬಾರದು. ಎಲ್.ಸಿ.ಯಲ್ಲಿ ಬ್ಯಾಂಕು ನೋಡುವುದು ಕಾಗದಪತ್ರ ಮಾತ್ರ. ಅವು ಸರಿ ಇದ್ದರೆ ದುಡ್ಡು ಕೊಡಲೇಬೇಕು. ಆಮೇಲೆ ಬ್ಲೋಹೋಲ್ ಅಂತ ತಕರಾರಿದ್ದರೆ ಸಿಂಗಪುರಕ್ಕೆ ಹೋಗುವ ಪಾಳಿ ಗಿರಾಕಿಯದು.